ಕಲ್ಲುಹೂವು ತಿನ್ನೋ ಗಿಳಿ

ಗಿಳಿ ಅಂದ್ರೆ ನಮ್ಮ ಕಡೆ ಲೂಟಿ ಮಾಡೋ ಜಾತಿ ಅಂತಲೇ ಲೆಕ್ಕ, ಪೇರಲೆ ಇನ್ನೂ ದೋರೆಗಾಯಿ ಇರುವಾಗ್ಲೇ ಅರ್ಧ ಕಚ್ಚಿ ಕೆಳಗೆ ಬಿಸಾಕಿ ಹೋಗ್ತಾವೆ, ಗದ್ದೆಗೆ ಇಳಿದ್ರಂತೂ ತೆನೆ ಸಮೇತ ಕತ್ತರಿಸ್ಕೊಂಡು ಹಾರ್ತಾವೆ. ಇಂಥ ಕುಲದಲ್ಲೂ ಒಬ್ಬ ಸನ್ಯಾಸಿ ಇದ್ದಾನೆ ಅಂತ ತಿಳಿದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಅಡಿಕೆ ಮರದ ಮೈಮೇಲಿನ ಕಲ್ಲುಹೂವಿನ ಜಾತಿಯ ಬಿಳಿ ಮಚ್ಚೆ ಕಂಡಾಗೆಲ್ಲ ಅವನದ್ದೇ ನೆನಪು.

ಅವನಿರೋದು ಆಸ್ಟ್ರೇಲಿಯಾದ ಉತ್ತರಕ್ಕಿರೋ ನ್ಯೂಗಿನಿ ದ್ವೀಪದ ಮಳೆಕಾಡಲ್ಲಿ. ಹೆಸರು ಬಫ್ ಫೇಸ್ಡ್ ಪಿಗ್ಮಿ ಪ್ಯಾರಟ್, ಗಿಳಿಗಳಲ್ಲೇ ಅತಿ ಚಿಕ್ಕದು. ಉದ್ದ 8 ಸೆಂಟಿಮೀಟರ್ ಚಿಲ್ಲರೆ, ತೂಕ ಸುಮಾರು 11.5 ಗ್ರಾಂ, ಅಂದ್ರೆ ಹತ್ತು ರೂಪಾಯಿ ಕಾಯಿನ್ ಒಂದೂವರೆ ಇಟ್ಟಷ್ಟು! ಹಣ್ಣು ಬೀಜ ಒಂಚೂರು ತಿಂದ್ರೂ ಮುಖ್ಯ ಮೇವು ಮಾತ್ರ ಮರದ ತೊಗಟೆ ಮೇಲಿನ ಕಲ್ಲುಹೂವಿನ ಜಾತಿಯವು ಮತ್ತೆ ಬೂಷ್ಟು. ನಾವು ಸಾರಿನ ಮಸಾಲೆಗೆ ಚಿಟಿಕೆ ಹಾಕೋದನ್ನ ಇದು ಹೊತ್ತೊತ್ತಿಗೂ ಊಟ ಮಾಡತ್ತೆ. ಅದಕ್ಕೆ ತಕ್ಕ ಮೈಕಟ್ಟೂ ಇದೆ, ಕಾಲ್ಬೆರಳು ಉದ್ದ, ಉಗುರು ಕೊಕ್ಕೆ, ಬಾಲದ ಗರಿಗಳ ತುದೀಲಿ ಮುಳ್ಳಿನ ಹಾಗೆ ಬಿರುಸಾದ ಕಡ್ಡಿ. ಆ ಬಾಲ ಮರಕ್ಕೆ ಊರ್ಕೊಂಡು ಮರಕುಟಿಗನ ಥರ ಹತ್ತತ್ತೆ, ಬೇಕಂದ್ರೆ ತಲೆಕೆಳಗಾಗಿ ಇಳಿಯತ್ತೆ, ಇಳೀತಾ ಇಳೀತಾನೇ ಕೆರೆದು ತಿಂತಿರತ್ತೆ.

ಮನೆ ಇನ್ನೂ ವಿಚಿತ್ರ. ಮರದ ಮೇಲೆ ಕಟ್ಟಿರೋ ವರಲೆ ಗೂಡಿಗೇ ತೂತು ಕೊರೆದು ಅದರೊಳಗೆ ಮೊಟ್ಟೆ ಇಡತ್ತೆ, ಅದೂ ವರಲೆ ಇನ್ನೂ ವಾಸ ಇರೋ ಗೂಡಿಗೆ. ನಮ್ಮ ಅಟ್ಟಕ್ಕೆ ವರಲೆ ಹಿಡಿದ್ರೆ ಮನೆಮಂದಿಗೆಲ್ಲ ನಿದ್ದೆ ಇರಲ್ಲ, ಇದು ಅಲ್ಲೇ ಬಾಣಂತನ ಮುಗಿಸ್ಕೊಳ್ಳತ್ತೆ.

ಪಂಜರದವರಿಗೂ ಇದು ದಕ್ಕಿಲ್ಲ. ಹಿಡಿದು ಸಾಕೋಕೆ ನೋಡಿದವರ ಕೈಲಿ ಹೆಚ್ಚು ಕಾಲ ಬದುಕೇ ಇಲ್ಲ. ಇದು ಬೇಜಾರಿನ ವಿಷ್ಯನೇ, ಆದ್ರೂ ನಂಗೆ ಒಳಗೊಳಗೆ ಖುಷಿ, ಒಂದು ಗಿಳಿಗಾದ್ರೂ ಪಂಜರದಲ್ಲಿ ಕೂತು ‘ರಾಮ ರಾಮ’ ಅನ್ನೋ ಕರ್ಮ ಇಲ್ವಲ್ಲ.

ನಮ್ಮಲ್ಲೂ ಗಿಡ್ಡ ಗಿಳಿ ಇದೆ ಬಿಡಿ, ಹ್ಯಾಂಗಿಂಗ್ ಪ್ಯಾರಟ್, 14 ಸೆಂಟಿಮೀಟರ್, ಆಗುಂಬೆ ಕಡೆ ಹಾಲುವಾಣ ಹೂ ಬಿಟ್ಟಾಗ ಹುಡುಕಿದ್ರೆ ಸಿಗತ್ತೆ. ಮೈಯೆಲ್ಲ ಎಲೆ ಹಸಿರು, ಸೊಂಟದ ಹತ್ರ ಮಾತ್ರ ಕೆಂಪು, ರಾತ್ರಿ ಬಾವಲಿ ಹಾಗೆ ನೇತಾಡ್ಕೊಂಡು ಮಲಗತ್ತೆ. ಹೆಣ್ಣು ಎಲೆಯನ್ನ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸೊಂಟದ ಗರಿಯೊಳಗೆ ಸಿಕ್ಕಿಸ್ಕೊಂಡು ಪೊಟರೆಗೆ ಸಾಗಿಸತ್ತೆ, ಕೊಕ್ಕು ಖಾಲಿ ಇದ್ರೂ!

ಈ ಪಿಗ್ಮಿ ಗಿಳಿ ಕತೇನ ದೊಡ್ಡಪ್ಪನಿಗೆ ಹೇಳಿದೆ. ಆಷಾಢದ ಮಳೆ ಹಿಡಿದಿತ್ತು, ಅಡಿಕೆಗೆ ಕೊಳೆ ಬರದಿರ್ಲಿ ಅಂತ ಬೋರ್ಡೋ ಔಷಧಿ ಹೊಡೆಯೋಕೆ ಹೊಳವೇ ಸಿಕ್ಕಿರಲಿಲ್ಲ. ಪೂರ್ತಿ ಕೇಳಿಸ್ಕೊಂಡು, ‘ಬೂಷ್ಟು ತಿನ್ನತ್ತೆ ಅಂದ್ಯಲ್ಲ, ಕೊಳೆರೋಗದ ಅಡಿಕೆ ತಿನ್ನತ್ತೇನೋ?’ ಅಂದ್ರು. ಇಲ್ಲ ದೊಡ್ಡಪ್ಪ, ಅದು ಬರೀ ತೊಗಟೆ ಮೇಲಿಂದು ಅಂದೆ.

‘ಹಂಗಾರೆ ಅಲ್ಲೇ ಇರ್ಲಿ ಬಿಡು.’