ಮಕ್ಕಳ ಮೈಗೆ ಜೆಲ್, ಕೋಚ್ ಹೆಸರಿಗೆ ಬಿಲ್ಡಿಂಗ್

ಅಮೆರಿಕದ ಓಟದ ಕೋಚ್ ಆಲ್ಬರ್ಟೊ ಸಲಾಜಾರ್ ಬಗ್ಗೆ ಕೆಟ್ಟದಾಗಿ ಮಾತಾಡುವವರು ಒಂದು ವಿಷಯ ಮರೆತಿದ್ದಾರೆ. ಉದ್ದೀಪನ ಮದ್ದಿನ (ಡೋಪಿಂಗ್) ನಿಯಮ ಮುರಿದದ್ದಕ್ಕೆ ಅವರಿಗೆ ನಾಲ್ಕು ವರ್ಷ ನಿಷೇಧ ಹಾಕಿದ ಮಧ್ಯಸ್ಥಿಕೆ ಪಂಚಾಯ್ತಿಯೇ ಅವರನ್ನು ಹೊಗಳಿದೆ. ಇವರು ಬೇಕಂತ ತಪ್ಪು ಮಾಡಿದವರಲ್ಲ, ಶಿಷ್ಯರಿಗೆ ಅತ್ಯುತ್ತಮವಾದದ್ದು ಸಿಗಲಿ ಎಂಬ ಆಸೆಯಿಂದ ಹೀಗಾಯಿತು ಎಂಬರ್ಥದ ಮಾತು 2019ರ ತೀರ್ಪಿನಲ್ಲಿದೆ. ಶಿಕ್ಷೆಯ ಜೊತೆಗೇ ಸನ್ಮಾನಪತ್ರ. ಶಾಲು, ಹಾರ, ಹಣ್ಣಿನ ಬುಟ್ಟಿ ಮಾತ್ರ ಬಾಕಿ.

ದೋಹಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿರುವಾಗಲೇ ಅವರ ಪಾಸ್ ಕಿತ್ತುಕೊಂಡದ್ದು ನಿಮಗೆ ನೆನಪಿರಬಹುದು. ಹತ್ತೇ ದಿನದಲ್ಲಿ ಶೂ ಕಂಪನಿ ನೈಕಿ, ಸಲಾಜಾರ್ ಓಟಗಾರರನ್ನು ತಯಾರು ಮಾಡುತ್ತಿದ್ದ ತನ್ನ 'ಒರೆಗಾನ್ ಪ್ರಾಜೆಕ್ಟ್' ಎಂಬ ಗುಂಪಿಗೇ ಬೀಗ ಹಾಕಿತು. ನನ್ನನ್ನು ಇವತ್ತಿಗೂ ಕಾಡುವುದು ಮಾತ್ರ ಆ ಜೆಲ್.

2009ರಲ್ಲಿ ಸಲಾಜಾರ್ ತಮ್ಮ ಸ್ವಂತ ಗಂಡುಮಕ್ಕಳ ಮೈಗೆ ಟೆಸ್ಟೋಸ್ಟೆರಾನ್ ಜೆಲ್, ಅಂದರೆ ಕ್ರೀಡೆಯಲ್ಲಿ ನಿಷೇಧಿತವಾದ ಪುರುಷ ಹಾರ್ಮೋನಿನ ಜೆಲ್, ಹಚ್ಚಿಸಿದರು. ನಮ್ಮಲ್ಲಿ ಅಪ್ಪಂದಿರು ದೀಪಾವಳಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಾರೆ. ಇಲ್ಲಿ ಜೆಲ್ ತಿಕ್ಕಿ ಮೂತ್ರ ಪರೀಕ್ಷೆ. ಎಷ್ಟು ಹಚ್ಚಿದರೆ ಸಿಕ್ಕಿಬೀಳುತ್ತಾರೆ ಅಂತ ನೋಡಬೇಕಿತ್ತಂತೆ. ಯಾಕೆ ಸ್ವಾಮಿ ಅಂದರೆ, ರೇಸ್ ಮುಗಿದ ಮೇಲೆ ಯಾರೋ ಆಗದವರು ಬಂದು ನಮ್ಮ ಓಟಗಾರನ ಮೈಗೆ ಇದನ್ನು ಸವರಿ ಸಿಕ್ಕಿಹಾಕಿಸಿದರೆ?

ಆ ಖಳನಾಯಕನನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಒಲಿಂಪಿಕ್ಸ್‌ನ ಹತ್ತು ಸಾವಿರ ಮೀಟರ್ ಓಟ ಆಗಷ್ಟೇ ಮುಗಿದಿದೆ. ಸ್ಟೇಡಿಯಂ ತುಂಬಾ ಜನ, ಮೂಲೆಮೂಲೆಗೂ ಕ್ಯಾಮೆರಾ. ಈ ಪುಣ್ಯಾತ್ಮ ಅಂಗೈಯಲ್ಲಿ ಜೆಲ್ ಹಿಂಡಿಕೊಂಡು ಬರುತ್ತಾನೆ. 'ಕಂಗ್ರಾಜುಲೇಷನ್ಸ್ ಸಾರ್, ಸ್ವಲ್ಪ ಬೆನ್ನು ತಿರುಗಿಸ್ತೀರಾ?' ಅಂತಾನೆ. ಹಚ್ಚುತ್ತಾನೆ. ಸರಿಯಾಗಿ ಇಳೀಲಿ ಅಂತ ಇನ್ನೊಂದು ಸಲ ತಿಕ್ಕುತ್ತಾನೆ. ಓಟಗಾರ ಥ್ಯಾಂಕ್ಸ್ ಹೇಳಿ ಹೋಗುತ್ತಾನೆ. ಇಂಥ ಅಪಾಯ ತಪ್ಪಿಸಲು ಸಂಶೋಧನೆ ಬೇಡವೇ?

ಬೇಕು ಅನ್ನಿಸಿತು ಕಂಪನಿಯ ದೊಡ್ಡವರಿಗೂ. ಗುಂಪಿನ ಡಾಕ್ಟರ್ ಜೆಫ್ರಿ ಬ್ರೌನ್ ಫಲಿತಾಂಶವನ್ನು ನೈಕಿಯ ಆಗಿನ ಸಿಇಒ ಮಾರ್ಕ್ ಪಾರ್ಕರ್‌ಗೆ ಇಮೇಲ್ ಮಾಡಿದರು. ಕನಿಷ್ಠ ಎಷ್ಟು ಹಚ್ಚಿದರೆ ಟೆಸ್ಟ್‌ನಲ್ಲಿ ಸಿಗುತ್ತೆ ಅಂತ ತಿಳಿಯುವುದು ಕುತೂಹಲದ ವಿಷಯ ಎಂಬ ಉತ್ತರ ಅಲ್ಲಿಂದ ಬಂತು. ಕುತೂಹಲ ಒಳ್ಳೆಯದೇ. ನಮ್ಮ ಮೇಷ್ಟ್ರುಗಳೂ ಹಾಗೇ ಹೇಳುತ್ತಿದ್ದರು.

ಇನ್ನು ಡ್ರಿಪ್ ಪುರಾಣ. ಓಟಗಾರರಿಗೆ ಶಕ್ತಿ ಬರಲಿ ಅಂತ ಕೊಡುತ್ತಿದ್ದ ಎಲ್-ಕಾರ್ನಿಟಿನ್ ನಿಷೇಧಿತ ಪದಾರ್ಥವಲ್ಲ. ಆದರೆ ಆಗಿನ ನಿಯಮದಲ್ಲಿ ಆರು ಗಂಟೆಗೆ 50 ಮಿ.ಲೀ.ಗಿಂತ ಜಾಸ್ತಿ ನರಕ್ಕೆ ಹರಿಸುವಂತಿರಲಿಲ್ಲ. 2011ರಲ್ಲಿ ಸಹಾಯಕ ಕೋಚ್ ಸ್ಟೀವ್ ಮ್ಯಾಗ್ನೆಸ್ ಕೈಗೆ ಹರಿಸಿದ್ದು ಒಂದು ಲೀಟರಿಗೂ ಹೆಚ್ಚು. ಅದೇ ಮ್ಯಾಗ್ನೆಸ್ ಮುಂದೆ ಬಾಯಿಬಿಟ್ಟರು. ಇದೇ ಗುಂಪಿನ ಬ್ರಿಟಿಷ್ ಓಟಗಾರ ಮೊ ಫರಾ ಅವರದ್ದು 13.5 ಮಿ.ಲೀ., ನಿಯಮದೊಳಗೇ ಇತ್ತು. ಆದರೆ ತನಿಖೆಯವರು ಕೇಳಿದಾಗ ಮೊದಲು ಇಲ್ಲ ಅಂದರು. ಹೊರಗೆ ಹೋದವರು ಓಡೋಡಿ ಬಂದು, ಈಗ ನೆನಪಾಯಿತು ಅಂದರು. ತೋಳಿಗೆ ಸೂಜಿ ಚುಚ್ಚಿಸಿಕೊಂಡದ್ದು ಮರೆಯುವುದೂ ಒಂದು ಪ್ರತಿಭೆ. ಈ ಕೇಸಿನಲ್ಲಿ ಆ ಗುಂಪಿನ ಓಟಗಾರರ ಮೇಲೆ ಯಾವ ಆರೋಪವನ್ನೂ ಹೊರಿಸಲಿಲ್ಲ.

ನಮ್ಮವರಿಗೆ ಈ ನಾಜೂಕು ಇಲ್ಲ ನೋಡಿ. 2023ರ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ನೆನಪಿದೆಯಾ? ಟಾಯ್ಲೆಟ್‌ನಲ್ಲಿ ಸಿರಿಂಜುಗಳು ಬಿದ್ದಿದ್ದವು. ಡೋಪ್ ಟೆಸ್ಟ್‌ನವರು ಬಂದಿದ್ದಾರೆ ಅಂತ ಗೊತ್ತಾಗಿ ಪುರುಷರ 100 ಮೀಟರ್ ಫೈನಲ್‌ಗೆ ಒಬ್ಬನೇ ಬಂದ. ಚಿನ್ನ ಅವನಿಗೇ, ಬೆಳ್ಳಿ ಕಂಚು ಕೇಳುವವರಿಲ್ಲ. ಸ್ಟೀಪಲ್‌ಚೇಸ್ ಓಡಿದ ಹುಡುಗಿಯೊಬ್ಬಳು ಗೆರೆ ದಾಟಿದ ಮೇಲೂ ನಿಲ್ಲದೆ ಓಡಿದಳಂತೆ, ಟೆಸ್ಟ್‌ನವರು ಹಿಂದೆ. ನಾವೆಲ್ಲ ನಕ್ಕೆವು. ಬಡವರು ಟಾಯ್ಲೆಟ್‌ನಲ್ಲಿ ಮಾಡಿದರೆ ಕಳ್ಳತನ, ದುಡ್ಡಿದ್ದವರು ಲ್ಯಾಬ್‌ನಲ್ಲಿ ಮಾಡಿದರೆ ಸಂಶೋಧನೆ.

ನಗುವುದು ಇಲ್ಲಿಗೆ ಸಾಕು. ಮೇರಿ ಕೇನ್ ಅನ್ನುವ ಹುಡುಗಿ ಹದಿನೇಳಕ್ಕೆ ಈ ಗುಂಪು ಸೇರಿದಳು. ಅಮೆರಿಕದ ಅತಿ ವೇಗದ ಹುಡುಗಿ. ತೂಕ 52 ಕೆಜಿಗೆ ಇಳಿಯಲೇಬೇಕು ಅಂತ ಎಲ್ಲರೆದುರು ತಕ್ಕಡಿ ಹತ್ತಿಸುತ್ತಿದ್ದರು, ಅವಮಾನ ಮಾಡುತ್ತಿದ್ದರು ಅಂತ 2019ರಲ್ಲಿ ಅವಳೇ ಹೇಳಿದಳು. ಮೂರು ವರ್ಷ ಮುಟ್ಟಾಗಲಿಲ್ಲ. ಐದು ಮೂಳೆ ಮುರಿದವು. ಸಲಾಜಾರ್ ಇದನ್ನು ಒಪ್ಪಲಿಲ್ಲ. 2021ರಲ್ಲಿ ಕ್ರೀಡೆಯಲ್ಲಿನ ದೌರ್ಜನ್ಯದ ದೂರು ವಿಚಾರಿಸುವ ಅಮೆರಿಕದ ಸೇಫ್‌ಸ್ಪೋರ್ಟ್ ಸಂಸ್ಥೆ ಲೈಂಗಿಕ ಮತ್ತು ಮಾನಸಿಕ ದುರ್ವರ್ತನೆಗಾಗಿ ಅವರಿಗೆ ಆಜೀವ ನಿಷೇಧ ಹಾಕಿತು. ಹನಿ ಲೆಕ್ಕ, ಮಿಲಿ ಲೆಕ್ಕ, ಕಿಲೋ ಲೆಕ್ಕ ಎಲ್ಲ ಇಡುತ್ತಿದ್ದ ಜಾಗದಲ್ಲಿ ಒಂದು ಹುಡುಗಿ ಕಣ್ಣೆದುರೇ ಸವೆಯುತ್ತಿರುವುದು ಯಾರ ಲೆಕ್ಕಕ್ಕೂ ಬರಲಿಲ್ಲ. ಡಾಕ್ಟರುಗಳಿದ್ದರು, ಮ್ಯಾನೇಜರುಗಳಿದ್ದರು, ಸಂಬಳ ಎಣಿಸುವವರಿದ್ದರು. ಥೂ.

ಕಂಪನಿಯ ಕಷ್ಟವೂ ಕೇಳಿ. ಒರೆಗಾನ್‌ನ ತನ್ನ ಕ್ಯಾಂಪಸ್‌ನಲ್ಲಿ ಅದು ಬಿಲ್ಡಿಂಗ್‌ಗಳಿಗೆ ದೊಡ್ಡವರ ಹೆಸರಿಡುತ್ತದೆ. ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೆಸರಿನ ಜಿಮ್ ಇತ್ತು, 2012ರಲ್ಲಿ ಬೋರ್ಡ್ ಇಳಿಯಿತು. ಅದೇ ವರ್ಷ ಮಕ್ಕಳ ಪಾಲನಾ ಕೇಂದ್ರದಿಂದ, ಮಕ್ಕಳ ಮೇಲಿನ ದೌರ್ಜನ್ಯ ಮುಚ್ಚಿಟ್ಟ ಆರೋಪ ಹೊತ್ತ ಅಮೆರಿಕನ್ ಫುಟ್‌ಬಾಲ್ ಕೋಚ್ ಜೋ ಪಟರ್ನೊ ಹೆಸರನ್ನೂ ತೆಗೆದರು. ಸಲಾಜಾರ್ ಬಿಲ್ಡಿಂಗ್ ಮಾತ್ರ ನಿಷೇಧ ಬಂದ ಮೇಲೂ ಗಟ್ಟಿಯಾಗಿ ನಿಂತಿತ್ತು. ಕೊನೆಗೆ 2022ರಲ್ಲಿ ಹೆಸರು ಬದಲಾಯಿಸಿದರು. ಮನುಷ್ಯರ ಸಹವಾಸವೇ ಬೇಡ ಅನ್ನಿಸಿರಬೇಕು, ಈ ಸಲ ಇಟ್ಟದ್ದು ಒಂದು ಶೂ ಹೆಸರು: ನೆಕ್ಸ್ಟ್ ಪರ್ಸೆಂಟ್. ಶೂ ಬಾಯಿಬಿಡುವುದಿಲ್ಲ, ಶೂಗೆ ಮೂತ್ರ ಪರೀಕ್ಷೆ ಇಲ್ಲ. ಆದರೆ ಹಣೆಬರಹ ನೋಡಿ, ದಪ್ಪ ಸೋಲಿನಿಂದ ಓಟಗಾರರನ್ನು ಪುಟಿಸುವ ಆ ಬಗೆಯ ಶೂಗಳ ಮೇಲೂ 'ಇದು ಡೋಪಿಂಗೇ' ಎಂಬ ದೂರು ಎದ್ದು, 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಸೋಲ್ 40 ಮಿ.ಮೀ.ಗಿಂತ ದಪ್ಪ ಇರಬಾರದು ಅಂತ ನಿಯಮ ತಂದಿತ್ತು.