ಹುಲಿ ಕುಣಿಯುತ್ತಿದ್ದ ಜಾಗ ಖಾಲಿ

ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಯಲ್ಲಿ ಅಕ್ಕನ ಮಗ ಮೊದಲ ಸಲ ಹುಲಿವೇಷ ಹಾಕಿ ಕುಣಿದಿದ್ದ. ತಾಸೆ ವಾದ್ಯದ ಬಡಿತಕ್ಕೆ ಅವನು ಹಾರಿದ ನಾಲ್ಕೇ ಸೆಕೆಂಡನ್ನು ಜಿಫ್ (ತಾನೇ ಮತ್ತೆ ಮತ್ತೆ ಓಡುವ ಪುಟ್ಟ ಚಲನಚಿತ್ರ) ಮಾಡಿ ಒಂದು ಉಚಿತ ಸೈಟಿಗೆ ಹಾಕಿದ್ದೆ. ದುಬೈಯಲ್ಲಿರುವ ಭಾವ ದಿನಾ ಅದನ್ನು ನೋಡುತ್ತಿದ್ದರು. ಮೊನ್ನೆ ಲಿಂಕ್ ಒತ್ತಿದರೆ ಬರೀ ಬಿಳಿ ಪುಟ. ಸೈಟೇ ಇಲ್ಲ! ಮೂಲ ವಿಡಿಯೊ ಇದ್ದ ಫೋನ್ ಹೋದ ಮಳೆಗಾಲದಲ್ಲೇ ನೀರು ಹೊಕ್ಕು ಹಾಳಾಗಿತ್ತು.

ಸಣ್ಣ ಸೈಟುಗಳ ಮಾತು ಬಿಡಿ, ಜಿಫ್ ಇಟ್ಟುಕೊಳ್ಳುವ ಜಿಫಿಕ್ಯಾಟ್‌ನಂಥ ದೊಡ್ಡ ಸೈಟೇ ಉಳಿಯಲಿಲ್ಲ. ಜಿಫ್ 1987ರ ಫಾರ್ಮ್ಯಾಟ್. ಒಂದು ಫ್ರೇಮಿಗೆ ಹೆಚ್ಚೆಂದರೆ 256 ಬಣ್ಣ, ಫೈಲ್ ಮಾತ್ರ ಭಾರ. 2013ರಲ್ಲಿ ಬಂದ ಜಿಫಿಕ್ಯಾಟ್ ಅದನ್ನು ಹಗುರ ವಿಡಿಯೊ ಮಾಡಿ ಥಟ್ಟನೆ ತೋರಿಸುತ್ತಿತ್ತು. ಪ್ರತಿ ಲಿಂಕಿಗೆ ಗುಣ ಹೇಳುವ ಎರಡು ಪದ ಮತ್ತು ಒಂದು ಪ್ರಾಣಿಯ ಹೆಸರು ಸೇರಿಸುತ್ತಿತ್ತು. ಎಷ್ಟು ಚಂದದ ಯೋಚನೆ ಅಲ್ವಾ? 2020ರಲ್ಲಿ ಸ್ನ್ಯಾಪ್‌ಚಾಟ್ ನಡೆಸುವ ಸ್ನ್ಯಾಪ್ ಕಂಪನಿ ಅದನ್ನು ಕೊಂಡಿತು. 2023ರ ಮೇ ತಿಂಗಳಲ್ಲಿ ಸೈಟ್ ಅಸಲಿ ಎಂದು ಬ್ರೌಸರಿಗೆ ತೋರಿಸುವ ಅದರ ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿದು ಪುಟಗಳು ತೆರೆಯದಾದವು. ಸೆಪ್ಟೆಂಬರ್ 1ಕ್ಕೆ ಬಾಗಿಲು ಹಾಕಿತು.

ಜಿಫಿಕ್ಯಾಟ್‌ನವರು ಮುಚ್ಚುವ ಮೊದಲು ತಿಳಿಸಿದ್ದರು. ನಾನು ನಂಬಿದ ಸೈಟಿನಿಂದ ಒಂದು ಇಮೇಲ್ ಕೂಡ ಬರಲಿಲ್ಲ. ಬಾಡಿಗೆ ಮನೆ ಬಿಡಿಸುವವರೂ ಸಾಮಾನು ತೆಗೆಯಲು ನಾಲ್ಕು ದಿನ ಕೊಡುತ್ತಾರೆ. ಉಚಿತ ಎಂದು ಕರೆದು, ಮಗುವಿನ ನೆನಪನ್ನು ಸುಮ್ನೆ ಅಳಿಸಿ ಹೋಗುವುದು ಯಾವ ನ್ಯಾಯ?

ನಿನ್ನೆ ರಾತ್ರಿ ಭಾವ ಪುನಃ ಫೋನ್ ಮಾಡಿದ್ದರು. "ಆ ಹುಲಿ ಲಿಂಕ್ ಸರಿ ಆಯ್ತಾ ಮಾರಾಯ?"