ಸ್ಪಷ್ಟನೆ: ಐರಿಷ್ ಸ್ವರದ ಮೇಲಿನ ಗೀರು ಒತ್ತಿನ ಗುರುತಲ್ಲ

ಐರಿಷ್ ಭಾಷೆಯಲ್ಲಿ ಸ್ವರದ ಮೇಲೆ ಬರುವ ಓರೆ ಗೀರು ಒತ್ತಿ ಹೇಳಬೇಕಾದ ಜಾಗ ತೋರಿಸುತ್ತದೆ, ಬಿಟ್ಟರೂ ನಡೆಯುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ಸುಮ್ನೆ ಮುಂದಕ್ಕೆ ಕಳಿಸಿದ್ದೆ. ಎರಡೂ ಮಾತು ತಪ್ಪು.

ಆ ಗೀರಿನ ಹೆಸರು 'ಫದ'. ಅಂದರೆ ಉದ್ದ. ನಮ್ಮ ದೀರ್ಘದ ಹಾಗೇ, ಅಲ್ವಾ? ಒತ್ತು ಸಾಮಾನ್ಯವಾಗಿ ಪದದ ಶುರುವಿನಲ್ಲೇ ಬೀಳುತ್ತದೆ. ದಕ್ಷಿಣದ ಮನ್‌ಸ್ಟರ್ ಕಡೆ ಮಾತ್ರ ಸ್ವಲ್ಪ ಬೇರೆ.

ಗೀರು ಬಿಟ್ಟರೆ ಅರ್ಥವೇ ಕೆಡುತ್ತದೆ. 'ಶನ್' ಅಂದರೆ ಹಳೆಯ. ಗೀರು ಹಾಕಿದರೆ 'ಶಾನ್', ಗಂಡಸಿನ ಹೆಸರು. ಹಾಗೇ 'ಫ್ಯರ್' ಅಂದರೆ ಗಂಡಸು, 'ಫೇರ್' ಅಂದರೆ ಹುಲ್ಲು. 1977ರ ನಿಯಲ್ ಓ ಡೋನಲ್ ನಿಘಂಟಿನಲ್ಲಿ ಇವೆರಡೂ ಬೇರೆ ಬೇರೆ ಪದಗಳು.

'ಶಾನ್' ಕಾಗುಣಿತದಲ್ಲಿ ಎಸ್ ಆದ ಮೇಲೆ ಒಂದು ಇ ಇದೆ. ಅದನ್ನು ಉಚ್ಚರಿಸುವುದಿಲ್ಲ. ಎಸ್ ಅನ್ನು 'ಶ' ಎಂದು ಓದಿಸುವುದಷ್ಟೇ ಅದರ ಕೆಲಸ. ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಹಾಂ, ಗೀರಿಲ್ಲದ ದೀರ್ಘವೂ ಉಂಟು. ಸಂಗೀತಕ್ಕೆ 'ಕ್ಯೋಲ್' ಅನ್ನುತ್ತಾರೆ, ಅದರಲ್ಲಿ ಇ ಮತ್ತು ಓ ಜೋಡಿಯಾಗಿ ಬಂದು ದೀರ್ಘವಾಗುತ್ತವೆ.

ಆ ಸಂದೇಶ ನಿಮಗೆ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದ ಬಂದಿದ್ದರೆ ಅಳಿಸಿಬಿಡಿ.